ಬಾಗಿಲಲ್ಲಿ ಬಿಚ್ಚಿಟ್ಟ ಕವಚ

ಕವಚ ತೊಟ್ಟವನಿಗೆ ಪೆಟ್ಟು ಬೀಳುವುದು ಕಷ್ಟ. ಇಷ್ಟು ಸರಳವಾದ ನಿಯಮವನ್ನು ಓದು ಕಲಿತ ಮನುಷ್ಯರು ಎಷ್ಟು ಬಗೆಯಲ್ಲಿ ಹಾಳುಗೆಡವಬಹುದು ಎಂದು ತಿಳಿಯಬೇಕಿದ್ದರೆ ಭಾನುವಾರ ಮುಂಬೈ ಪಕ್ಕದ ಸಾನಪಾಡಾದ ನನ್ನ ಬಾಡಿಗೆ ಮನೆಗೆ ಬರಬೇಕಿತ್ತು. ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬಂದಿರದ ವರ್ಷಗಳು. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಮಾತಿನಲ್ಲೇ ರಾಜರ ಕಾಲದ ಕಾಳಗ ನಡೆಸುವ ಆಟ ನಮ್ಮದು. ಆಡುವ ಒಬ್ಬೊಬ್ಬರಿಗೂ ಒಬ್ಬೊಬ್ಬ ವೀರ. ರಾಕ್ಷಸರನ್ನು ಛೂ ಬಿಡುವ ಕೆಲಸ ನನ್ನದು. ಕವಚ ಗಟ್ಟಿಯಾದಷ್ಟೂ ಅದರ ಅಂಕ ದೊಡ್ಡದು. ರಾಕ್ಷಸನ ದಾಳ ಆ ಅಂಕ ಮುಟ್ಟಿದರೆ ಮಾತ್ರ ಪೆಟ್ಟು.

ಟಿಟ್ವಾಳಾದಿಂದ ಬರುತ್ತಿದ್ದ ಬೆಂಗಳೂರಿನ ಗೆಳೆಯನಿಗೆ ಇದು ಬರೀ ಆಟವಾಗಿರಲಿಲ್ಲ. ವಾರವಿಡೀ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಭಾನುವಾರವೂ ಹೊರಡುವ ಗಂಡನಿಗೆ ಅವನ ಹೆಂಡತಿ ಒಂದು ಷರತ್ತು ಹಾಕಿದ್ದಳು: ನಿಮ್ಮ ವೀರ ಬದುಕಿರುವಷ್ಟು ದಿನ ಹೋಗಿ, ಅವನು ಸತ್ತ ಮೇಲೆ ಭಾನುವಾರ ಮನೆಯಲ್ಲಿ. ಹಾಗಾಗಿ ಅವನು ತನ್ನ ವೀರನಿಗೆ ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಡಿಸಿದ್ದ.

ಜಾಗ ಇಲ್ಲದ ಕಡೆ

ಒಮ್ಮೆ ಅವನ ವೀರನನ್ನು ಇಕ್ಕಟ್ಟಾದ ಗವಿಯೊಳಗೆ ಸಿಕ್ಕಿಸಿದೆ. ಪಕ್ಕಕ್ಕೆ ಸರಿದು ಪೆಟ್ಟು ತಪ್ಪಿಸಿಕೊಂಡರೆ ಒಂದಿಷ್ಟು ಅಂಕ ಹೆಚ್ಚು ಸಿಗುತ್ತದೆ, ಆದರೆ ಇಲ್ಲಿ ಸರಿಯಲು ಜಾಗವಿಲ್ಲ ಎಂದೆ. ಗೆಳೆಯನಿಗೆ ಸಿಟ್ಟು ಬಂತು. "ಬೆಳಿಗ್ಗೆ ಕಲ್ಯಾಣ್‌ನಲ್ಲಿ ಫಾಸ್ಟ್ ಲೋಕಲ್ ಹತ್ತಿ ನೋಡಿದೀಯೇನೋ? ಜಾಗ ಇಲ್ಲ ಅನ್ನೋದೇ ಇಲ್ಲ ಕಣೋ" ಎಂದು ಎದ್ದು, ಮೇಜಿಗೂ ಶೋಕೇಸಿಗೂ ನಡುವೆ ಹೊಕ್ಕು, ನಮ್ಮ ಮೂರನೆಯ ಆಟಗಾರ, ಡೊಂಬಿವ್ಲಿಯಿಂದ ಬರುವ ಗೆಳೆಯರಿಗೆ ಗುದ್ದಲು ಹೇಳಿದ.

ಈ ಡೊಂಬಿವ್ಲಿಯವರು ಮೂಲತಃ ಉಡುಪಿ ಕಡೆಯವರು, ಹೇಳಿದ ಕೆಲಸ ಪೂರ್ತಿ ಮಾಡುವವರು. ಗುದ್ದಿದರು. ಇವನು ನಿಜಕ್ಕೂ ನುಸುಳಿಕೊಂಡ. ಶೋಕೇಸಿನ ಗಾಜು ನುಸುಳಲಿಲ್ಲ. ಅವನ ವಾದವನ್ನು ಅಲ್ಲೇ ಒಪ್ಪಿಕೊಂಡೆ. ಮನೆ ಮಾಲೀಕರು ಇನ್ನೂ ಒಪ್ಪಿಲ್ಲ.

ಕ್ಲೇಮ್

ಈ ಡೊಂಬಿವ್ಲಿಯವರಿಗೆ ವಿಮೆಯಲ್ಲಿ ಕ್ಲೇಮ್ ಪರಿಶೀಲಿಸುವ ಕೆಲಸ. ಒಂದು ದಿನ ರಾಕ್ಷಸನ ದಾಳ ಟಿಟ್ವಾಳಾದವನ ವೀರನ ಅಂಕಕ್ಕೆ ಕೂದಲೆಳೆಯಷ್ಟು ಕಡಿಮೆ ಬಿತ್ತು. ವೀರ ಬದುಕಿದ ಎಂದು ಘೋಷಿಸುವಷ್ಟರಲ್ಲಿ ಇವರು ತಡೆದರು. ಹಿಂದಿನ ವಾರ ವೀರ ಹೊಳೆ ದಾಟಿದ್ದನಲ್ಲ, ಆಮೇಲೆ ಕವಚ ಒರೆಸಿದ್ದನೋ? ಎಣ್ಣೆ ಹಚ್ಚಿದ್ದನೋ? ಟಿಟ್ವಾಳಾದವನು ಪಾಪ, ಇಲ್ಲ ಎಂದ. ಹಾಗಾದರೆ ತುಕ್ಕು ಹಿಡಿದಿದೆ, ಕವಚ ಲೆಕ್ಕಕ್ಕಿಲ್ಲ ಎಂದು ತೀರ್ಪಾಯಿತು.

ರಾಕ್ಷಸರ ಕಡೆಯವನು ನಾನು. ಅವರಿಬ್ಬರೂ ಒಂದೇ ಪಕ್ಷದವರು. ಹೀಗೇಕೆ ಮಾಡಿದಿರಿ ಎಂದು ಕೇಳಿದರೆ ಅವರೂ ಗಾಬರಿಯಾಗಿದ್ದರು. "ವಾರ ಇಡೀ ಕ್ಲೇಮಿಗೆ ಇಲ್ಲ ಇಲ್ಲ ಅಂತ ಬರ್ದು ಅಭ್ಯಾಸ ಆಗಿ ಹೋಗಿದೆ ಮಾರಾಯ್ರೆ" ಎಂದರು. ಆ ತೀರ್ಪನ್ನು ರದ್ದು ಮಾಡಿ ವೀರನನ್ನು ಉಳಿಸಿದ್ದು ರಾಕ್ಷಸನ ಕಡೆಯವನು.

ಗುಡಿಯ ಬಾಗಿಲು

ಇನ್ನೊಂದು ಭಾನುವಾರ ಸಂಜೆ ಪಕ್ಕದ ವಾಶಿಯಲ್ಲಿ ಯಾರದೋ ರಿಸೆಪ್ಶನ್ ಇತ್ತೆಂದು ಟಿಟ್ವಾಳಾದವನ ಜೊತೆ ಹೆಂಡತಿಯೂ ಬಂದಿದ್ದಳು. ರೇಷ್ಮೆ ಸೀರೆ ಉಟ್ಟು, ಗಡಿಯಾರ ನೋಡುತ್ತ ಮೂಲೆಯಲ್ಲಿ ಕೂತಿದ್ದಳು.

ಅಂದು ನಾನು ಕಾಡಿನ ನಡುವೆ ಪಾಳು ಗುಡಿಯೊಂದನ್ನು ಇಟ್ಟಿದ್ದೆ. ಒಳಗೆ ರಾಕ್ಷಸ. ಬಾಗಿಲು ತೆರೆದಿದೆ ಎಂದೆ. ಕತ್ತಿ ಹಿರಿಯುತ್ತಾರೆ ಎಂದುಕೊಂಡರೆ, ಟಿಟ್ವಾಳಾದವನು ಬೂಟು ಬಿಚ್ಚಿ ಒಳಗೆ ಹೋಗುತ್ತೇನೆ ಎಂದ. ಬೂಟು ಮಾತ್ರ ಸಾಲದು, ಬೆಲ್ಟು ಚರ್ಮದ್ದು ಎಂದರು ಡೊಂಬಿವ್ಲಿಯವರು. "ಮತ್ತೆ ಅಂಗಿ? ನಮ್ಮ ಉಡುಪಿಯಲ್ಲಿ ಅಂಗಿ ಹಾಕಿಕೊಂಡು ಒಳಗೆ ಬಿಡುದಿಲ್ಲ." ಟಿಟ್ವಾಳಾದವನ ವೀರ ಎದೆಕವಚ, ಶಿರಸ್ತ್ರಾಣ, ಗುರಾಣಿ ಎಲ್ಲವನ್ನೂ ಮೆಟ್ಟಿಲ ಮೇಲೆ ಒಪ್ಪವಾಗಿ ಜೋಡಿಸಿಟ್ಟ. ಡೊಂಬಿವ್ಲಿಯವರ ವೀರನೂ ಹಾಗೇ ಮಾಡಿದ. ನನಗೆ ನಂಬಲಾಗಲಿಲ್ಲ. ನಿಜವಾಗಿಯೂ ಬಿಚ್ಚುತ್ತೀರಾ ಎಂದು ಮತ್ತೆ ಕೇಳಿದೆ. ಗುಡಿಯಲ್ಲವೇ ಎಂದು ಇಬ್ಬರೂ ನನ್ನನ್ನೇ ನಾಸ್ತಿಕನಂತೆ ನೋಡಿದರು.

ಬರಿಮೈಯಲ್ಲಿ ಕೈಮುಗಿದು ಮುಂದೆ ಹೋದ ಟಿಟ್ವಾಳಾದವನ ವೀರನ ಮೇಲೆ ರಾಕ್ಷಸ ಎರಗಿದ. ದಾಳ ಉರುಳಿತು. ವೀರ ಸತ್ತ ಎಂದೆ.

ಟಿಟ್ವಾಳಾದವನು ದಾಳವನ್ನು ಇನ್ನೊಮ್ಮೆ ಬಗ್ಗಿ ನೋಡಿದ. ಆದರೆ ಎದ್ದು ನಿಂತವಳು ಈ ಸಾವಿಗಾಗಿಯೇ ವರ್ಷಗಟ್ಟಲೆ ಕಾದಿದ್ದ ಅವನ ಹೆಂಡತಿ. "ಕೈಮುಗಿದು ನಿಂತೋರನ್ನ ಹೊಡೀತೀರಾ? ಓದಿದೋರು ನೀವು" ಎಂದಳು. ನಿಯಮದ ಪುಸ್ತಕ ತಿರುವಿದೆ. ದೇವರಿಗೆ ಮರ್ಯಾದೆ ಕೊಟ್ಟವನ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಡೊಂಬಿವ್ಲಿಯವರು, ಜೀವಮಾನದಲ್ಲಿ ಮೊದಲ ಸಲವಿರಬೇಕು, ಈ ಕ್ಲೇಮ್ ಪಾಸ್ ಮಾಡಲೇಬೇಕು ಎಂದರು. ಸೋತು, ಸರಿ, ಮೂರ್ಛೆ ಹೋಗಿದ್ದಾನೆ ಎಂದೆ. ಕವಚ ತೊಟ್ಟವರು ಯಾರಾದರೂ ಹೊರಗಿದ್ದರೆ ಬಂದು ಬಿಡಿಸಬಹುದು.

"ನಾನಿದೀನಲ್ಲ, ಚಪ್ಪಲಿ ಕಾಯ್ತಾ" ಎಂದಳು.

ಮೆಟ್ಟಿಲ ಮೇಲಿದ್ದ ಗಂಡನ ಕವಚ ತೊಟ್ಟು ಹೊರಟೇಬಿಟ್ಟಳು. ಬೂಟು ಬಿಚ್ಚುವುದಿಲ್ಲವೇ ಎಂದು ಕೇಳಿದೆ. ರಾಕ್ಷಸ ಇರುವ ಜಾಗ ಗುಡಿ ಹೇಗಾಗುತ್ತದೆ ಎಂದು ತಿರುಗಿ ನನ್ನನ್ನೇ ಕೇಳಿದಳು. ಅವಳು ರಾಕ್ಷಸನನ್ನು ಮುಗಿಸುವ ಹೊತ್ತಿಗೆ ವಾಶಿಯ ರಿಸೆಪ್ಶನ್ನೂ ಮುಗಿದಿತ್ತು.

ಮುಂದಿನ ಭಾನುವಾರ ಬೆಲ್ ಆಯಿತು. ಬಾಗಿಲಲ್ಲಿ ಅವಳೊಬ್ಬಳೇ. ಗೆಳೆಯನಿಗೆ ಹುಷಾರಿಲ್ಲವೇನೋ ಎಂದು ಗಾಬರಿಯಿಂದ ಕೇಳಿದೆ.

"ಚೆನ್ನಾಗಿದ್ದಾರೆ. ಕವಚ ನನ್ನ ಹತ್ರ ಇದೆ, ಬರಿಮೈಲಿ ಬಂದು ಏನ್ಮಾಡ್ತಾರೆ?" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು. "ಮನೇಲೇ ಇರಿ ಅಂದೆ. ಭಾನುವಾರ ನೀರಿನ ಟ್ಯಾಂಕರ್ ಬರುತ್ತಲ್ಲ, ಯಾರಾದ್ರೂ ನೀರು ಹಿಡೀಬೇಕು."