ಅಂಬೆಗಾಲು: ದಾಖಲೆ ಇಲ್ಲ

ಶಿಶು ಬೆಳವಣಿಗೆ ದಾಖಲಾತಿ ನಿಯಮ ಹದಿನಾಲ್ಕರ ಪ್ರಕಾರ, ಪ್ರತಿಯೊಂದು ಮಗುವೂ ಮೊದಲು ಅಂಬೆಗಾಲಿಡತಕ್ಕದ್ದು, ತದನಂತರವೇ ನಡೆಯತಕ್ಕದ್ದು. ನಾನು ಆ ದಾಖಲಾತಿ ಕಚೇರಿಯ ಮೂರನೇ ಕೌಂಟರಿನ ಗುಮಾಸ್ತ. ನನಗೂ ಮಕ್ಕಳೆಂದರೆ ಪ್ರಾಣ, ಅವರ ಬೆಳವಣಿಗೆ ಕಾರ್ಡು ಪೂರ್ತಿ ಭರ್ತಿಯಾಗಿದ್ದರೆ.

ಗುರುವಾರ ಬೆಳಿಗ್ಗೆ ಎರಡೂವರೆ ವರ್ಷದ ಪುಟ್ಟಿ ಓಡಿಕೊಂಡು ಒಳಗೆ ಬಂದಳು. ಬಂದವಳೇ ನನ್ನ ಪಕ್ಕದ ಸ್ಟೂಲು ಹತ್ತಿ, ಸೀಲು ಎತ್ತಿಕೊಂಡು, ನನ್ನ ಅಂಗಿಯ ತೋಳಿಗೆ ‘ಪರಿಶೀಲಿಸಲಾಗಿದೆ’ ಎಂದು ಒತ್ತಿಬಿಟ್ಟಳು. ಹಿಂದೆಯೇ ಏದುಸಿರು ಬಿಡುತ್ತ ಅಪ್ಪ ಅಮ್ಮ ಬಂದರು. ಅಪ್ಪ ಗೋಡೆಗೆ ಬಣ್ಣ ಬಳಿಯುವವನು, ಅಮ್ಮ ಹೊಲಿಗೆ ಕಾರ್ಖಾನೆಯವಳು.

“ಸಾರ್, ಸೋಮವಾರ ನಾನು ಕೆಲಸಕ್ಕೆ ಹೋಗ್ಲೇಬೇಕು. ಇಲ್ಲಾಂದ್ರೆ ನನ್ನ ಮೆಷೀನಿಗೆ ಬೇರೆಯವರನ್ನ ಕೂರಿಸ್ತಾರೆ. ಕಾರ್ಡು ಸರಿಯಿಲ್ಲ ಅಂತ ಶಿಶುವಿಹಾರದವರು ಇವಳನ್ನ ಸೇರಿಸ್ಕೊಳ್ತಿಲ್ಲ,” ಎಂದಳು ಅಮ್ಮ.

ಕಾರ್ಡು ನೋಡಿದೆ. ‘ಕೂರುವುದು’ ಇತ್ತು, ‘ನಡೆಯುವುದು’ ಇತ್ತು. ನಡುವೆ ‘ಅಂಬೆಗಾಲು’ ಕಾಲಂ ಬಿಕೋ ಎನ್ನುತ್ತಿತ್ತು.

“ಇವಳು ಅಂಬೆಗಾಲು ಇಡ್ಲೇ ಇಲ್ಲ ಸಾರ್. ಕೂತಿದ್ದೋಳು ಒಂದಿನ ಎದ್ದು ನಡೆದೇಬಿಟ್ಳು. ಕೆಲವು ಮಕ್ಕಳು ಹಾಗೇನೇ, ತಲೆ ಕೆಡಿಸ್ಕೋಬೇಡಿ ಅಂದ್ರು ಡಾಕ್ಟ್ರು.”

“ಡಾಕ್ಟ್ರು ಮಗು ನೋಡ್ತಾರಮ್ಮ. ನಾವು ಕಾರ್ಡು ನೋಡ್ತೀವಿ.”

ಅಷ್ಟರಲ್ಲಿ ಪುಟ್ಟಿ ಇಡೀ ಕಚೇರಿಗೆ ಎರಡು ಸುತ್ತು ಹಾಕಿದ್ದಳು. ‘ಅನಧಿಕೃತ ಓಟ, ಎರಡು ಸಲ’ ಎಂದು ಬರೆದುಕೊಂಡೆ. ಕಂಡದ್ದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ.

ಸಾಹೇಬರು ಕಡತ ಓದಿ ಪರಿಹಾರ ಸೂಚಿಸಿದರು: ಮಗು ಇಬ್ಬರು ಸಾಕ್ಷಿಗಳ ಎದುರು ಐದು ಮೀಟರ್ ಅಂಬೆಗಾಲಿನಲ್ಲಿ ಸಾಗಿದರೆ ಸಾಕು. ಅಂಥ ದೊಡ್ಡ ಮನಸ್ಸು ಅವರದು. ನಾನು ಟೇಪು ಹಿಡಿದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಪುಟ್ಟಿ ಅದರ ಮೇಲೆ ನೆಟ್ಟಗೆ ನಡೆದು ಹೋಗಿ, ನಡೆದೇ ವಾಪಸ್ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ನೆಲದಲ್ಲಿ ಬಿಸ್ಕತ್ತು ಇಟ್ಟೆವು. ಬಗ್ಗಿ ಎತ್ತಿಕೊಂಡು ನಿಂತೇ ತಿಂದಳು. ಅಮ್ಮನ ಕಣ್ಣಲ್ಲಿ ನೀರು ತುಂಬಿತು. ನನಗೆ ನೋಡಲಾಗಲಿಲ್ಲ, ಬೇರೆ ಕಡತ ತೆಗೆದೆ.

“ಹೀಗೆ ಮಾಡಬೇಕು ಕಂದಾ,” ಎಂದು ಕೊನೆಗೆ ಅಪ್ಪನೇ ನೆಲಕ್ಕೆ ಮಂಡಿಯೂರಿದ. ಪುಟ್ಟಿ ಕಿಲಕಿಲ ನಗುತ್ತ ಬೆನ್ನೇರಿ ಕೂತಳು. ಅವನು ಅಂಬೆಗಾಲಿಡುತ್ತ ಗೆರೆಯ ಕೊನೆಯವರೆಗೂ ಹೋದ.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. “ಮಂಡಿ ನೆಲಕ್ಕೆ ತಾಗಿದೆ. ಮಗು ಐದು ಮೀಟರ್ ಸಾಗಿದೆ. ಮಂಡಿ ಯಾರದ್ದಾಗಿರಬೇಕು ಅಂತ ನಿಯಮದಲ್ಲಿ ಎಲ್ಲಿದೆ, ತೋರಿಸ್ರೀ?”

ಹುಡುಕಿದೆ. ಎಲ್ಲೂ ಇರಲಿಲ್ಲ. ಕಾರ್ಡಿಗೆ ಸೀಲು ಬಿತ್ತು.

ಆದರೆ ಅಂಬೆಗಾಲಿಗೂ ನಡಿಗೆಗೂ ನಡುವೆ ನಾಲ್ಕು ತಿಂಗಳ ಅಂತರ ಕಡ್ಡಾಯ. ಆದಕಾರಣ ಪುಟ್ಟಿಯ ನಡಿಗೆಯನ್ನು ತಡೆಹಿಡಿಯಲಾಯಿತು. ಅಲ್ಲಿಯವರೆಗೆ ದಾಖಲಾದ ವಿಧಾನದಲ್ಲೇ ಶಿಶುವಿಹಾರಕ್ಕೆ ಬರತಕ್ಕದ್ದೆಂದು ಆದೇಶವಾಯಿತು. “ಅಷ್ಟೇ ತಾನೆ ಸಾರ್,” ಎಂದ ಅಪ್ಪ, ಮಂಡಿ ಒರೆಸಿಕೊಳ್ಳುತ್ತ.

ಸೋಮವಾರ ತಪಾಸಣೆಗೆಂದು ನಾನೇ ಶಿಶುವಿಹಾರದ ಗೇಟಿನಲ್ಲಿ ನಿಂತಿದ್ದೆ. ಅಪ್ಪ ಬೀದಿಯ ತಿರುವಿನಿಂದಲೇ ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಅಂಬೆಗಾಲಿಡುತ್ತ ಬಂದ. ಪ್ಯಾಂಟಿನ ಮಂಡಿಗೆ ಹೆಂಡತಿ ದಪ್ಪ ಬಟ್ಟೆ ಹೊಲಿದುಕೊಟ್ಟಿದ್ದಳು. ಹಿಂದೆ ಇನ್ನೂ ಆರು ಅಪ್ಪಂದಿರು ಹಾಗೆಯೇ ಮಕ್ಕಳನ್ನು ಹೊತ್ತು ಅಂಬೆಗಾಲಿನಲ್ಲಿ ಸಾಲಾಗಿ ಬರುತ್ತಿದ್ದರು. ಸುದ್ದಿ ಅಷ್ಟು ಬೇಗ ಹಬ್ಬಿತ್ತು. ಆಯಾ “ಎಡಗಡೆ ಬನ್ನಿ, ಎಡಗಡೆ,” ಎಂದು ದಾರಿ ಬಿಡಿಸುತ್ತಿದ್ದಳು.

ಪುಟ್ಟಿ ಮುಂದಕ್ಕೆ ಬಗ್ಗಿ, “ಅಪ್ಪಾ, ನೋಯ್ತಿದ್ಯಾ? ಎದ್ದೇಳು. ನಾನು ನಡೀತೀನಿ,” ಎಂದಳು.

ಕೆಲಸಕ್ಕೆ ಹೊರಟು ನಿಂತಿದ್ದ ಅಮ್ಮ ನನ್ನನ್ನು ನೋಡಿ ಬೆಚ್ಚಿಬಿದ್ದಳು. ಕಾರ್ಡಿನಲ್ಲಿ ‘ಮಾತು’ ಬರುವುದು ‘ನಡೆಯುವುದು’ ಆದ ಮೇಲೆ, ನಡಿಗೆಗೇ ಇನ್ನೂ ತಡೆಯಿತ್ತು. ಓಡಿಬಂದು ಮಗಳ ಬಾಯಿಗೆ ಕೈ ಅಡ್ಡ ಹಿಡಿದು, “ಶ್! ನಿಂಗೆ ಇನ್ನೂ ಮಾತು ಬಂದಿಲ್ಲ ಚಿನ್ನಾ,” ಎಂದಳು.

ಪುಟ್ಟಿ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಬ್ಬಾ… ಬ್ಬಾ…” ಎಂದು ತೊದಲಿದಳು.