ಅಗ್ಗದ ಟ್ಯಾಬ್ ತಂದ ಮೊದಲ ವಾರ

ಅಗ್ಗದ ಸಾಮಾನು ತಂದಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಗಡಿಯಾರ ತಂದರೆ ಅದು ಹಿಂದಕ್ಕೆ ಓಡಿತ್ತು. ಛತ್ರಿ ತಂದರೆ ಮಡಚಲು ಇಬ್ಬರು ಬೇಕಾಗಿದ್ದರು. ಆದರೂ ಸಿಂಧನೂರಿನ ಅಂಗಡಿಯೊಂದರಲ್ಲಿ ಸಣ್ಣ ಟ್ಯಾಬ್ ಕಂಡಾಗ ಮನಸ್ಸು ತಡೆಯಲಿಲ್ಲ. ನಾನು ಮಸ್ಕಿಯಲ್ಲಿ ಮಾಸ್ತರ, ಮನೆ ಲಿಂಗಸುಗೂರು. ದಿನಾ ಬಸ್ಸಿನಲ್ಲಿ ಓದಲು ಆಗುತ್ತದೆ ಎಂದುಕೊಂಡೆ.

"ಚಲೋ ಐತೇನ್ರಿ ಇದು?" ಎಂದು ಕೇಳಿದೆ.

ಅಂಗಡಿಯವ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಮಾಸ್ತರ್ರ, ಇದರ ಡಬ್ಬಿ ಭಾಳ ಚಲೋ ಐತ್ರಿ" ಎಂದ.

ಪ್ರಾಮಾಣಿಕ ಮನುಷ್ಯ ಎನಿಸಿತು. ತಗೊಂಡುಬಿಟ್ಟೆ.

ಹೆಬ್ಬೆಟ್ಟು

ಊರಿಗೆ ಮರಳುವಾಗ ಬಸ್ಸಿನಲ್ಲೇ ಅದನ್ನು ತೆಗೆದು ನೋಡುತ್ತಿದ್ದೆ. ಪಕ್ಕದಲ್ಲಿ ಮುಕ್ಕುಂದದ ಅಜ್ಜಿಯೊಬ್ಬಳು ಕೂತಿದ್ದಳು. ನನ್ನನ್ನೂ ಟ್ಯಾಬನ್ನೂ ಒಂದಷ್ಟು ಹೊತ್ತು ನೋಡಿ, ಬಲಗೈ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಅದರ ಮೇಲೆ ಒತ್ತಿಬಿಟ್ಟಳು.

"ಯಮ್ಮಾ, ಏನ್ ಮಾಡಾಕತ್ತಿ?"

"ಒತ್ತೀನಲ್ಲ ಯಪ್ಪಾ. ಬಂತೇನು ನೋಡು."

"ಇದು ರೇಷನ್ನಿನ ಮಷಿನ್ ಅಲ್ಲಬೇ."

"ಹೋದ ಸಲಾನೂ ಹಿಂಗ ಅಂದ್ರು. ಆಮ್ಯಾಲ ಅಕ್ಕಿ ಖಾಲಿ ಆಗ್ಯಾವ ಅಂದ್ರು" ಎಂದು ಆಕೆ ಇನ್ನೊಮ್ಮೆ ಜೋರಾಗಿ ಒತ್ತಿದಳು. ಅದನ್ನು ನೋಡಿ ಹಿಂದಿನ ಸೀಟಿನ ಇಬ್ಬರು ಎದ್ದು ಬಂದರು. ಅವರ ಹಿಂದೆ ಮತ್ತೊಬ್ಬ. ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಪಾಳಿ ಬಾಗಿಲತನಕ ಬೆಳೆಯಿತು. ಕಂಡಕ್ಟರ್ ಬಂದು, "ಏನ್ ಗದ್ದಲ ಇದು, ಎಲ್ಲಾರೂ ಕುಂದರ್ರಿ" ಎಂದು ಗದರಿಸಿದ. ನನಗೆ ಜೀವ ಬಂದಂತಾಯಿತು. ಎಲ್ಲರೂ ಕೂತ ಮೇಲೆ ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಸರ, ನಾ ಎಡಗೈದು ಒತ್ಲೋ, ಬಲಗೈದೋ?"

ಚೆಲುವೆ

ಮನೆಯಲ್ಲಿ ಹೆಂಡತಿ ಮೊದಲು ಮುದಗಲ್ಲಿನ ತನ್ನ ತಂಗಿಗೆ ವಿಡಿಯೋ ಕಾಲ್ ಹಚ್ಚಿದಳು. ಈ ಟ್ಯಾಬಿನ ಕ್ಯಾಮರಾಕ್ಕೆ ಎಲ್ಲರನ್ನೂ ಚೆಂದ ಮಾಡುವ ಚಟ. ಹಿಂದೆ ಕೂತಿದ್ದ ನನ್ನ ಮೀಸೆ ಅಳಿಸಿ, ಗಲ್ಲ ಕೆಂಪು ಮಾಡಿ, ತುಟಿಗೆ ಬಣ್ಣ ಹಚ್ಚಿತು.

"ಅಕ್ಕಾ, ನಿನ್ನ ಹಿಂದ ಕುಂತ ಹೆಣ್ಮಗಳು ಯಾರು?" ಎಂದಳು ತಂಗಿ.

ಹೆಂಡತಿ ತಿರುಗಿ ನನ್ನನ್ನು ಪೂರಾ ನೋಡಿ, ಮತ್ತೆ ಪರದೆ ನೋಡಿದಳು.

"ಯಾರೋ ಏನೋ, ಗೊತ್ತಿಲ್ಲ. ನಿಮ್ಮ ಭಾವಗಿಂತ ಚಲೋ ಅದಾಳ."

ಬರಾಕತ್ತೀನಿ

ಬಾಯಿಂದ ಹೇಳಿದರೆ ತಾನೇ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ನನಗೆ ಬೆರಳಿನ ಕೆಲಸ ಬೇಡವಾಯಿತು. ಒಂದು ದಿನ ಬಸ್ಸು ಕೆಟ್ಟು ನಿಂತಿತು. ಹೆಡ್‌ಮಾಸ್ತರರಿಗೆ ತಿಳಿಸಬೇಕೆಂದು, "ಸರ್, ಬರಾಕತ್ತೀನಿ" ಎಂದು ಹೇಳಿ ಕಳಿಸಿಬಿಟ್ಟೆ. ಅದಕ್ಕೆ ಪುಸ್ತಕದ ಕನ್ನಡ ಬಿಟ್ಟು ನಮ್ಮ ಮಾತು ಬರುವುದಿಲ್ಲ ಎಂಬುದು ನನಗೇನು ಗೊತ್ತು?

ಶಾಲೆ ಮುಟ್ಟಿದಾಗ ಹೆಡ್‌ಮಾಸ್ತರರು ಗೇಟಿನಲ್ಲೇ ನಿಂತಿದ್ದರು. ಮೊಬೈಲ್ ನನ್ನ ಮುಂದೆ ಹಿಡಿದರು. ಅದರಲ್ಲಿ, "ಸರ್, ಬಾರೋ ಕತ್ತೆ ನೀ" ಎಂದಿತ್ತು.

"ಎಲ್ಲಿಗೆ ಬರಬೇಕಿತ್ತು ನಾನು?" ಎಂದು ಮೆಲ್ಲಗೆ ಕೇಳಿದರು.

ನನ್ನ ಬಡ್ತಿಗೆ ಅವರೇ ಎರಡು ಒಳ್ಳೆಯ ಮಾತು ಬರೆಯಬೇಕಾಗಿದ್ದ ತಿಂಗಳು ಅದು. "ತಪ್ಪು ನಂದಲ್ರೀ ಸರ್, ಇದರದ್ದು. ಬೇಕಾದ್ರ ನೀವ ಮಾತಾಡಿ ನೋಡ್ರಿ" ಎಂದು ಟ್ಯಾಬ್ ಕೊಟ್ಟೆ.

ಅವರು ಗಂಟಲು ಸರಿಮಾಡಿಕೊಂಡು, "ನಾನು ಈ ಶಾಲ್ಯಾಗ ಕೆಲಸ ಮಾಡಾಕತ್ತೀನಿ" ಎಂದರು. ಪರದೆಯ ಮೇಲೆ ಮೂಡಿತು: "ನಾನು ಈ ಶಾಲೆಯಲ್ಲಿ ಕೆಲಸ ಮಾಡೋ ಕತ್ತೆ."

ಅದನ್ನು ಎರಡು ಸಲ ಓದಿ ಟ್ಯಾಬ್ ವಾಪಸ್ಸು ಕೊಟ್ಟರು. "ಮಾಸ್ತರ, ಇದ್ರಾಗ ತಪ್ಪೇನಿಲ್ಲ."

ಅಪ್ಪನ ಕಣ್ಣು

ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ಮಾಡಿ ನಿವೃತ್ತಿಯಾದವರು. ವರ್ಷಕ್ಕೊಮ್ಮೆ ಕ್ಯಾಮರಾದ ಮುಂದೆ ಮುಖ ತೋರಿಸಿ ಬದುಕಿದ್ದೇನೆಂದು ಸಾಬೀತು ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಅವತ್ತು ಕಡೇ ದಿನ. ಅಪ್ಪ ಮಿಂದು, ಇಸ್ತ್ರಿ ಅಂಗಿ ತೊಟ್ಟು ಕೂತರು.

ಪರದೆಯ ಮೇಲಿನ ಅಕ್ಷರ ಅಪ್ಪನಿಗೆ ಕಾಣುವುದಿಲ್ಲವೆಂದು ಓದಿ ಹೇಳುವ ಸೌಲಭ್ಯ ಹಚ್ಚಿದ್ದೆ. ಅದರ ದನಿ ಓಣಿಗೆಲ್ಲ ಕೇಳುವಂಥದ್ದು. ಕಡಿಮೆ ಮಾಡುವುದು ನನಗೆ ತಿಳಿಯಲಿಲ್ಲ.

"ಕಣ್ಣು ಮಿಟುಕಿಸಿ" ಎಂದಿತು ಟ್ಯಾಬ್.

ಅಪ್ಪ ಕಣ್ಣು ಇನ್ನಷ್ಟು ಅಗಲ ಮಾಡಿದರು.

"ಅಪ್ಪಾ, ಕಣ್ಣು ಬಡೀರಿ."

"ಫೋಟೋದಾಗ ಕಣ್ಣು ಬಡಿದ್ರ ಫೋಟೋ ಕೆಡತೈತಿ. ನೀ ಸುಮ್ನಿರು."

"ಜೀವಂತ ವ್ಯಕ್ತಿ ಕಂಡುಬಂದಿಲ್ಲ" ಎಂದು ಟ್ಯಾಬ್ ಕೂಗಿತು. ಮತ್ತೆ ಪ್ರಯತ್ನಿಸಿದೆವು. ಅಪ್ಪ ಕಣ್ಣಲ್ಲಿ ನೀರು ಬಂದರೂ ರೆಪ್ಪೆ ಬಡಿಯಲಿಲ್ಲ. ಟ್ಯಾಬ್ ಏಳೆಂಟು ಸಲ ಅದನ್ನೇ ಕೂಗಿತು.

ಗೋಡೆಯ ಆಚೆ ಪಕ್ಕದ ಮನೆಯ ಚಿಗವ್ವ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು. ಅಪ್ಪನ ಜೊತೆ ಗಣಿಯಲ್ಲಿ ದುಡಿದ ಹಳೆಯ ಗೆಳೆಯ, ಕಣ್ಣೊರೆಸುತ್ತ, ದೊಡ್ಡದೊಂದು ಚೆಂಡು ಹೂವಿನ ಹಾರ ಹಿಡಿದು ಒಳಗೆ ಬಂದ. ಕುರ್ಚಿಯಲ್ಲಿ ನೆಟ್ಟಗೆ ಕೂತ ಅಪ್ಪನನ್ನು ಕಂಡು ನಿಂತಲ್ಲೇ ನಿಂತ.

"ನೀ ಹೋಗಿಲ್ಲೇನು?" ಎಂದ.

ಅಪ್ಪ ಬೆರಗಾಗಿ ಅವನನ್ನೂ ಹಾರವನ್ನೂ ನೋಡಿ ಪಟಪಟನೆ ಕಣ್ಣು ಬಡಿದರು.

"ಯಶಸ್ವಿ. ಜೀವಂತ ವ್ಯಕ್ತಿ ದೃಢಪಟ್ಟಿದೆ" ಎಂದು ಘೋಷಿಸಿ, ಟ್ಯಾಬ್ ಒಮ್ಮೆ ಮಿನುಗಿ ಕಪ್ಪಾಯಿತು. ಗುಂಡಿ ಒತ್ತಿದೆ, ಅಲ್ಲಾಡಿಸಿದೆ. ಚಾರ್ಜಿಗೆ ಹಚ್ಚಿದರೂ ಏಳಲಿಲ್ಲ.

ಗೆಳೆಯನಿಗೆ ಸಂಕಟ. "ಇಷ್ಟು ದೊಡ್ಡ ಹಾರ ಕಟ್ಟಿಸೀನಿ. ಈಗೇನ್ ಮಾಡ್ಲಿ ಇದನ್ನ?"

ಅಪ್ಪ ಟ್ಯಾಬನ್ನು ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದರು.

"ಇದಕ್ಕ ಹಾಕು" ಎಂದರು. "ಈಗ ಹೋತು."