ಮೈನಸ್ ಒಂದರ ವರ್ಗಮೂಲ ಮತ್ತು ನಮ್ಮ ಮಾವನವರು

ಇರುವವರ ಜೊತೆ ಯಾರು ಬೇಕಾದರೂ ಜಗಳ ತೆಗೆಯಬಹುದು. ಇಲ್ಲದ್ದರ ಜೊತೆ ನಾಲ್ಕು ತಿಂಗಳು ಜಗಳವಾಡಿ ಗೆದ್ದು ಬಂದವರು ಈ ಭೂಮಂಡಲದಲ್ಲಿ ಒಬ್ಬರೇ, ನಮ್ಮ ಮಾವನವರು!

ಅವರು ಶಲವಡಿಯ ರೈತರು. ಕಣ್ಣಿಗೆ ಕಾಣದ್ದನ್ನು ನಂಬುವ ಜಾಯಮಾನವೇ ಅಲ್ಲ. ಒಮ್ಮೆ ರೇಡಿಯೊದವರು ಒಣ ಹವೆ ಎಂದರಂತೆ. ಹೊರಗೆ ಧೋ ಎಂದು ಮಳೆ! ಮಾವನವರು ರೇಡಿಯೊ ಎತ್ತಿಕೊಂಡು ಹೋಗಿ ಅಂಗಳದ ನಡುವೆ ಇಟ್ಟು, "ನೋಡ್ಕೋ, ಇದಕ್ಕ ಒಣ ಹವಾ ಅಂತಾರೇನು?" ಎಂದರಂತೆ. ಅಂದಿನಿಂದ ಅದು ಮಾತು ಬಿಟ್ಟಿತು. ನಾಚಿಕೆಯಿಂದ ಬಿಟ್ಟಿತು ಎಂದೇ ಇವರ ವಾದ.

ಇಂಥವರ ಮಗಳನ್ನು ನೋಡಲು ನಾನು ಹೋದದ್ದು ಎಂಬತ್ತರ ದಶಕದಲ್ಲಿ, ಒಂದು ಸಂಕ್ರಾಂತಿ ಕಳೆದ ಮೇಲೆ. ಆಗ ತಾನೇ ನವಲಗುಂದದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಧೈರ್ಯವೂ ಅದರ ಜೊತೆಗೇ ಸಿಕ್ಕಿತ್ತು. ಜಮಖಾನೆಯ ಮೇಲೆ ಕೂಡಿಸಿ, ಅವಲಕ್ಕಿ ಕೊಟ್ಟು, ಮಾವನವರು ಕೇಳಿದರು:

"ಮಾಸ್ತರ್ರ, ನಿನ್ನಿ ಹುಡುಗೂರಿಗೆ ಏನ್ ಕಲಿಸಿದ್ರಿ?"

"ಕಾಲ್ಪನಿಕ ಸಂಖ್ಯೆ ಕಲಿಸಿದೆರಿ. ಮೈನಸ್ ಒಂದರ ವರ್ಗಮೂಲ. ಅಂದ್ರ, ಯಾವ ಸಂಖ್ಯೆಯನ್ನ ಅದರಿಂದನ ಗುಣಿಸಿದ್ರ ಮೈನಸ್ ಒಂದು ಬರ್ತೈತಿ, ಅದು."

ಅವರು ಬಾಯೊಳಗಿನ ಅವಲಕ್ಕಿ ನುಂಗಿದರು. "ಪ್ಲಸ್ಸಿಗೆ ಪ್ಲಸ್ ಗುಣಿಸಿದ್ರ ಪ್ಲಸ್. ಮೈನಸ್ಸಿಗೆ ಮೈನಸ್ ಗುಣಿಸಿದ್ರೂ ಪ್ಲಸ್. ಇಷ್ಟ ನಾನೂ ಕಲ್ತೀನಿ. ಮತ್ತ ನೀವು ಹೇಳೂ ಸಂಖ್ಯೆ ಎಲ್ಲೈತಿ?"

"ಎಲ್ಲೂ ಇಲ್ರಿ. ಅದಕ್ಕ ಕಾಲ್ಪನಿಕ ಅನ್ನೂದು."

"ಇಲ್ಲದ್ದನ್ನ ಕಲಸಾಕ ಸರಕಾರ ನಿಮಗ ಪಗಾರ ಕೊಡತೈತಿ?"

ಒಳಬಾಗಿಲ ಹಿಂದೆ ಯಾರೋ ನಗು ತಡೆಯಲು ಹೋಗಿ ಸೋತರು. ಆ ನಗುವಿಗೇ ನಾನು ಬಿದ್ದೆ ಅನ್ನಿ. ಹುಡುಗಿಗೆ ಒಪ್ಪಿಗೆಯಾಯಿತು, ಅವಳ ತಾಯಿಗೂ ಆಯಿತು. ಮಾವನವರು ಮಾತ್ರ, "ಆ ಸಂಖ್ಯೆ ನನಗ ತೋರಸ್ರಿ, ನಂದೂ ಒಪ್ಪಿಗಿ" ಎಂದು ಎದ್ದರು. ಹೆಣ್ಣಿನ ತಂದೆ ಮನೆ ತೋರಿಸು, ಹೊಲ ತೋರಿಸು ಅಂದದ್ದನ್ನು ಕೇಳಿದ್ದೀರಿ. ವರ್ಗಮೂಲ ತೋರಿಸು ಅಂದವರನ್ನು ಕಂಡಿದ್ದೀರಾ?

ಮುಂದಿನ ವಾರ ಅವರು ನಮ್ಮ ಪ್ರಾಚಾರ್ಯರ ಅಪ್ಪಣೆ ಪಡೆದು ನನ್ನ ತರಗತಿಗೇ ಬಂದು ಕುಳಿತರು. ತಲೆಗೆ ಪಟಕಾ ಸುತ್ತಿದ ವಿದ್ಯಾರ್ಥಿ! ನಾನು ಹಲಗೆಯ ಮೇಲೆ ಬರೆದು, "ಈ ಸಂಖ್ಯೆಗೆ ಐ ಎಂದು ಹೆಸರಿಡೋಣ" ಎಂದದ್ದೇ ತಡ, ಎದ್ದು ನಿಂತರು.

"ತಡೀರಿ. ಹುಟ್ಟಿದ ಮ್ಯಾಲೆ ಹೆಸರಿಡೂದು ನಮ್ಮ ಪದ್ಧತಿ. ನೀವು ಹೆಸರಿಟ್ಟು ಹುಟ್ಟಸ್ತೀರೇನು?"

ತರಗತಿಯ ನಗು ಬಜಾರದವರೆಗೆ ಕೇಳಿರಬೇಕು. ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. ಆ ಸಂಖ್ಯೆಯಿಂದ ಲೆಕ್ಕ ಬಿಡಿಸುವುದು ಗೊತ್ತಿತ್ತು. ಅದು ಏನೆಂಬುದನ್ನು ನಾನೂ ಯಾರನ್ನೂ ಕೇಳಿರಲಿಲ್ಲ.

"ನನಗೂ ಪೂರಾ ತಿಳಿದಿಲ್ರಿ" ಎಂದೆ.

"ಹಂಗಾರ ಇಬ್ಬರೂ ಒಂದ ಕ್ಲಾಸು" ಎಂದು ಅವರು ಸಂತೋಷದಿಂದ ಕುಳಿತರು.

ಮೂರು ತಿಂಗಳು ಪುಸ್ತಕ ತಿರುವಿದೆ. ಒಂದರಲ್ಲಿ ಚಿತ್ರವೂ ಇತ್ತು, ನೋಡಿದೆ, ಒಳಗಿಳಿಯಲಿಲ್ಲ. ಕಡೆಗೆ ಬೇಸಿಗೆಯಲ್ಲಿ ಸೋಲೊಪ್ಪಿಕೊಳ್ಳಲು ಶಲವಡಿಗೆ ಹೋದೆ. ಮಾವನವರು ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು. ಎತ್ತುಗಳು ಮೂಡಲಕ್ಕೆ ಹೋಗಿ ಬದು ಮುಟ್ಟಿದವು. ತಿರುಗಿ ಪಡುವಲಕ್ಕೆ ಬರಬೇಕು. ಅವರು ಎಡಕ್ಕೆ ಒಂದು ತಿರುವು ತಿರುಗಿಸಿದರು. ಇನ್ನೊಂದು ತಿರುಗಿಸಬೇಕು, ಅಷ್ಟರಲ್ಲಿ ನನಗೆ ಪುಸ್ತಕದ ಚಿತ್ರ ನೆನಪಾಯಿತು.

"ಅಲ್ಲೇ ನಿಲ್ಲಸ್ರಿ, ಮಾವಾರ!" ಎಂದು ಕೂಗಿದೆ. ಒಪ್ಪಿಗೆಗೆ ಮೊದಲೇ ಮಾವ ಅಂದುಬಿಟ್ಟಿದ್ದೆ! ಅವರಿಗೆ ಅದರ ಪರಿವೆಯಿರಲಿಲ್ಲ.

"ಯಾಕ್ರಿ, ಹಾವೇನು?"

"ಮೂಡಲಕ್ಕ ಐದು ಹೆಜ್ಜಿ ಅಂದ್ರ ಪ್ಲಸ್ ಐದು. ಪಡುವಲಕ್ಕ ಐದು ಅಂದ್ರ ಮೈನಸ್ ಐದು. ಹಂಗಾರ ಮೈನಸ್ ಒಂದರಿಂದ ಗುಣಿಸೂದಂದ್ರ?"

"ಉಲ್ಟಾ ತಿರುಗೂದು."

"ನೀವು ಎತ್ತನ್ನ ಉಲ್ಟಾ ಹ್ಯಾಂಗ ತಿರುಗಸ್ತೀರಿ?"

"ಎಡಕ್ಕ ಎರಡ ಸಲ."

"ಎರಡ ಸಲ ತಿರುಗಿದ್ರ ಮೈನಸ್ ಒಂದು. ಒಂದ ಸಲ ತಿರುಗಿದ್ರ, ಅದ ಅದರ ವರ್ಗಮೂಲ! ಈಗ ಎತ್ತು ಎತ್ತಾಗ ನೋಡಾಕತ್ತಾವ?"

ಮಾವನವರು ಎತ್ತುಗಳನ್ನು ನೋಡಿದರು. ಅವು ಬಡಗಲಕ್ಕೆ ಮುಖ ಮಾಡಿ ಆರಾಮಾಗಿ ನಿಂತಿದ್ದವು. ತಾವೂ ಬಡಗಲಕ್ಕೆ ತಿರುಗಿ ನಿಂತರು.

"ಅಂದ್ರ ಅದು ಇಲ್ಲ ಅಂತಲ್ಲ. ನಾವು ಬರೇ ಮೂಡಲ, ಪಡುವಲ ನೋಡ್ಕೋತ ಕುಂತೇವಿ!"

ಮರುಕ್ಷಣ ಸಿಟ್ಟು ಬಂತು. "ಇದಕ್ಕ ಕಾಲ್ಪನಿಕ ಅಂತ ಹೆಸರಿಟ್ಟಾವ ಯಾವನ್ರಿ? ಅವನ್ನ ಒಂದ್ಸಲ ಹೊಲಕ್ಕ ಕರ್ಕೊಂಬರ್ರಿ!"

ಆಮೇಲೆ ಊರಿನ ಪಾಡು ಕೇಳಬೇಡಿ. ಕಟ್ಟೆ, ಗಿರಣಿ, ಹಜಾಮತಿ ಅಂಗಡಿ, ಎಲ್ಲ ಕಡೆ ಪಾಠ. ನವಲಗುಂದದ ಬಸ್ಸಿನಲ್ಲಿ ಎದ್ದು ನಿಂತು ಎಡಕ್ಕೆ ಎರಡು ಸಲ ತಿರುಗಿ ತೋರಿಸಲು ಹೋಗಿ ಕಂಡಕ್ಟರನ ಕಾಲು ತುಳಿದರು.

"ಕಾಕಾ, ಕಾಲು ಕಾಲ್ಪನಿಕ ಅಲ್ರಿ!" ಎಂದನಂತೆ ಅವನು.

ಒಪ್ಪಿಗೆಯೇನೋ ಸಿಕ್ಕಿತು. ಆದರೆ ತಾರೀಖು ಗೊತ್ತುಮಾಡಲು ಹೋದ ದಿನ ಮಾವನವರು, "ಲಗ್ನ ಬರೂ ವರ್ಷ ಮಾಡೂಣು" ಎಂದರು.

"ಇನ್ನೇನು ಉಳೀತ್ರಿ?" ಎಂದೆ, ಸ್ವಲ್ಪ ಬಿರುಸಾಗಿಯೇ.

ಅವರು ನನ್ನತ್ತ ನೋಡಲಿಲ್ಲ. "ಅಕಿ ಪಿಯುಸಿ ಮೊದಲನೇ ವರ್ಷ ಪಾಸಾಗಿದ್ಳು. ಮುಂದಿನ ವರ್ಷದ ಪುಸ್ತಕ ತಂದು, ಇದ ಸಂಖ್ಯೆ ತೋರಿಸಿ, 'ಅಪ್ಪಾ, ಎಷ್ಟ್ ಛಂದ ಐತಿ ನೋಡು' ಅಂದ್ಳು. ನಾ ನಕ್ಕೆ. ಇಲ್ಲದ್ದನ್ನ ಕಲಸೂ ಸಾಲಿಗೆ ಯಾಕ ಹೋಗಬೇಕು ಅಂತ ಬಿಡಿಸಿಬಿಟ್ಟೆ. ಅಕಿ ಪುಸ್ತಕ ಒಯ್ದು ಗ್ವಾಡಿಯೊಳಗಿನ ಮಾಡದಾಗ ಇಟ್ಳು. ಮೂರು ವರ್ಷ ಆತು ಮಾಸ್ತರ್ರ, ಆ ಪುಸ್ತಕ ಇನ್ನೂ ಅಲ್ಲೇ ಐತಿ. ನಾ ತಪ್ಪು ಮಾಡೀನೋ ಇಲ್ಲೋ ಅಂತ ಯಾರನ್ನ ಕೇಳ್ಲಿ? ನೀವು ಬಂದ್ರಿ."

"ಲಗ್ನ ಬರೂ ವರ್ಷನ ಆಗ್ಲಿರಿ" ಎಂದೆ.

ಜೂನ್ ತಿಂಗಳಲ್ಲಿ ಅವರೇ ಮಗಳನ್ನು ನಮ್ಮ ಕಾಲೇಜಿಗೆ ಕರೆತಂದು ಪಿಯುಸಿ ಎರಡನೇ ವರ್ಷಕ್ಕೆ ಸೇರಿಸಿದರು. ಮೊದಲ ದಿನ ಅವಳು ಹುಡುಗಿಯರ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಅವಳಿಗಿಂತ ಮೂರು ವರ್ಷ ಚಿಕ್ಕವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ನಾನು ಹಾಜರಿ ಕರೆಯುತ್ತ ಬಂದು ಅವಳ ಹೆಸರು ಕೂಗಿದೆ. ಅವಳಿಗೆ ದನಿ ಹೊರಡಲಿಲ್ಲ.

ಕಿಟಕಿಯ ಆಚೆಯಿಂದ, ಇಡೀ ಪಡಸಾಲೆಗೆ ಕೇಳುವಂತೆ, ಮಾವನವರ ದನಿ ಬಂತು:

"ಅದಾಳ್ರೀ!"